ಅರಗಿನ ಮುದ್ರೆಯೊಳಗಿನ ಪಾಸ್‌ವರ್ಡ್

ಇಂಟರ್‌ನೆಟ್ ಮೂಲಕ ಹಣ ಕಳುಹಿಸಲು ಸುರಕ್ಷಿತವಾದ ಹೊಸ ಬ್ಯಾಂಕೊಂದನ್ನು ಮೂರು ವಾರಗಳೊಳಗೆ ಆರಿಸಿ ಕೊಡಬೇಕೆಂದು ನಮ್ಮ ಕಾರ್ಖಾನೆಯ ಮಾಲೀಕ ಶೇಠರು ನನಗೆ ಹೇಳಿದ ದಿನ, ನಮ್ಮ ವಡೋದರಾ ಡಿಪೋದ ಅಕೌಂಟೆಂಟ್ ಮನೆಯಲ್ಲಿ ಕುಳಿತು ಆರು ದಿನಗಳಾಗಿದ್ದವು. ಕೆಲಸಕ್ಕೆ ಬರುವುದು ಬೇಡ, ಕರೆದಾಗ ಬಂದರೆ ಸಾಕು ಎಂದು ಆಕೆಗೆ ಹೇಳಿ ಕಳುಹಿಸಲಾಗಿತ್ತು. ಎರಡು ಸಂಗತಿಗಳೂ ಒಂದೇ ಘಟನೆಯಿಂದ ಹುಟ್ಟಿದವು. ಆ ಘಟನೆಯನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಕೆಲವು ಅಂಶಗಳು ನನಗೆ ಇಂದಿಗೂ ಸ್ಪಷ್ಟವಾಗಿಲ್ಲ; ಅವನ್ನು ಸ್ಪಷ್ಟವಾದಂತೆ ಬರೆಯುವ ಉದ್ದೇಶವೂ ನನಗಿಲ್ಲ.

ನಾನಾಗ ಅಹಮದಾಬಾದಿನ ನರೋಡಾದ ಒಂದು ಬಣ್ಣದ ರಾಸಾಯನಿಕ ಕಾರ್ಖಾನೆಯಲ್ಲಿ ಹಣಕಾಸಿನ ಸಲಹೆಗಾರನಾಗಿದ್ದೆ. ಅದಕ್ಕೂ ಮೊದಲು ಬ್ಯಾಂಕೊಂದರ ತಪಾಸಣಾ ವಿಭಾಗದಲ್ಲಿದ್ದು ನಿವೃತ್ತನಾದವನು. ಕಾರ್ಖಾನೆಗೆ ವಡೋದರಾದಲ್ಲೊಂದು, ಸೂರತ್‌ನಲ್ಲೊಂದು ಡಿಪೋ ಇದ್ದವು. ಲಾರಿ ಬಾಡಿಗೆ, ಡ್ರಮ್ಮುಗಳ ಬೆಲೆ ಮುಂತಾದ ಪಾವತಿಗಳೆಲ್ಲ ವಡೋದರಾದಿಂದ ಇಂಟರ್‌ನೆಟ್ ಮೂಲಕ ಹೋಗುತ್ತಿದ್ದವು. ಚೆಕ್ ಬರೆದು ಕೊರಿಯರ್ ಮಾಡುವ ಕಾಲ ಮುಗಿಯಿತೆಂದು ಶೇಠರಿಗೆ ಅಭಿಮಾನ. ಒಂದು ಸೋಮವಾರ ಖಾತೆಯ ವಿವರವನ್ನು ತೆಗೆದು ನೋಡಿದಾಗ, ನಮಗೆ ಯಾರೆಂದೇ ಗೊತ್ತಿಲ್ಲದ ಒಬ್ಬ ವ್ಯಕ್ತಿಯ ಹೆಸರಿಗೆ ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ ಹೋಗಿತ್ತು. ಅದೇ ಬ್ಯಾಂಕಿನ, ಬೇರೊಂದು ರಾಜ್ಯದ ಶಾಖೆಯ ಖಾತೆ ಅದು. ನಾವು ದೂರು ಕೊಡುವಷ್ಟರಲ್ಲಿ ಹಣವನ್ನೆಲ್ಲ ಎಟಿಎಂಗಳಿಂದ ತೆಗೆಯಲಾಗಿತ್ತು.

ಪೊಲೀಸು ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದ ಜಮಾದಾರರು ಅರ್ಧ ಪುಟ ಬರೆದು ತಲೆಯೆತ್ತಿ, "ತಾಳುಂ ಕ್ಯಾಂಥೀ ತೂಟ್ಯುಂ, ಕಾಕಾ?" ಎಂದು ಕೇಳಿದರು. ಬೀಗ ಎಲ್ಲಿ ಮುರಿಯಿತು?

"ಬೀಗವೇ ಇಲ್ಲ," ಎಂದೆ.

"ಬೀಗವಿಲ್ಲದ ಕಡೆ ಹಣ ಇಟ್ಟಿದ್ದಿರಾ?" ಎಂದು ಅವರು ಪಕ್ಕದವನ ಕಡೆ ನೋಡಿ ನಕ್ಕರು. ನಗುವಂಥದ್ದೇನೂ ಅಲ್ಲಿರಲಿಲ್ಲ. 

ಹಳೆಯ ಬ್ಯಾಂಕಿನಿಂದ ಬಂದ ಪತ್ರ ನಾಲ್ಕೇ ಸಾಲಿನದು. ಸರಿಯಾದ ಯೂಸರ್ ಐಡಿ, ಸರಿಯಾದ ಪಾಸ್‌ವರ್ಡ್ ಬಳಸಿ, ಮೊದಲ ಪ್ರಯತ್ನದಲ್ಲೇ ಖಾತೆಯನ್ನು ತೆರೆಯಲಾಗಿದೆ. ಪಾಸ್‌ವರ್ಡನ್ನು ಗೋಪ್ಯವಾಗಿಡುವುದು ಗ್ರಾಹಕರ ಹೊಣೆ. ಆದ್ದರಿಂದ ಬ್ಯಾಂಕು ಇದಕ್ಕೆ ಹೊಣೆಯಲ್ಲ. ಪತ್ರವನ್ನು ಶೇಠರು ಎರಡು ಸಲ ಓದಿಸಿಕೊಂಡರು. ಆಮೇಲೆ ಅವರು ಹಾಕಿದ ಲೆಕ್ಕ ಬಹಳ ಸರಳ. ಪಾಸ್‌ವರ್ಡ್ ಗೊತ್ತಿದ್ದವರು ಇಬ್ಬರು: ಸಾಹೇಬರು, ಎಂದರೆ ನಾನು, ಮತ್ತು ವಡೋದರಾದ ಬೆಹನ್, ಎಂದರೆ ಅಕೌಂಟೆಂಟ್. ಸಾಹೇಬರು ಹಿರಿಯರು. ಉಳಿದವರು ಯಾರು?

ನನ್ನನ್ನು ಒಂದು ಮಾತೂ ಯಾರೂ ಕೇಳಲಿಲ್ಲ. ಅದನ್ನು ಆಗ ನಾನು ನನಗೆ ಸಲ್ಲಬೇಕಾದ ಗೌರವವೆಂದೇ ಸ್ವೀಕರಿಸಿದ್ದೆ.

ಆಕೆ ಹುಬ್ಬಳ್ಳಿಯವರು. ಪತಿ ರೈಲ್ವೆಯಲ್ಲಿ, ವರ್ಗವಾಗಿ ವಡೋದರಾಕ್ಕೆ ಬಂದ ಕುಟುಂಬ. ಡಿಪೋದ ಕೆಲಸಕ್ಕೆ ಆಕೆಯನ್ನು ಆರಿಸಿದವನು ನಾನೇ. ಮೂವತ್ತೆಂಟು ಅರ್ಜಿದಾರರಲ್ಲಿ ಕೂಡುವುದರಲ್ಲಿ ತಪ್ಪಿಲ್ಲದೆ ಲೆಕ್ಕ ಬರೆದವರು ಅವರೊಬ್ಬರೇ. ಆಕೆ ಕಳ್ಳತನ ಮಾಡಿದ್ದಾರೆಂದು ನಾನು ಒಂದು ಕ್ಷಣವೂ ನಂಬಲಿಲ್ಲ. ಆದರೆ ಹಾಗೆ ಬಾಯಿ ಬಿಟ್ಟು ಶೇಠರಿಗೆ ಹೇಳಲೂ ಇಲ್ಲ. ಬೇರೆ ವಿವರಣೆ ನನ್ನ ಬಳಿ ಇರಲಿಲ್ಲ, ಆಧಾರವಿಲ್ಲದೆ ಅಭಿಪ್ರಾಯ ಕೊಡುವುದು ತಪಾಸಣೆಯವರ ಪದ್ಧತಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

"ಸಾಹೇಬ್, ಮೊದಲು ಒಳ್ಳೆಯ ಬ್ಯಾಂಕು ನೋಡಿ. ಮೋಸ ಆಗದಂಥದ್ದು," ಎಂದರು ಶೇಠರು. "ತಿಂಗಳ ಕೊನೆಗೆ ಹೊಸ ಖಾತೆ, ಹೊಸ ಅಕೌಂಟೆಂಟ್. ಬೆಹನ್‌ಗೆ ಆಗ ಲೆಕ್ಕ ಮುಗಿಸಿ ಕಳಿಸೋಣ. ಪೊಲೀಸರಿಗೆ ಹೆಸರು ಕೊಡೋದು ಬೇಡ, ಮರ್ಯಾದಸ್ಥ ಮನೆಯ ಹೆಣ್ಣುಮಗಳು."

ಹೀಗೆ ನನಗೆ ಸಿಕ್ಕ ಮೂರು ವಾರಗಳೇ ಆಕೆಗೂ ಸಿಕ್ಕ ಮೂರು ವಾರಗಳು.

ಇಲ್ಲಿ ನಮ್ಮ ಪಾಸ್‌ವರ್ಡಿನ ವ್ಯವಸ್ಥೆಯನ್ನು ವಿವರಿಸಬೇಕು. ಬ್ಯಾಂಕಿನ ತಿಜೋರಿಗೆ ಎರಡು ಬೀಗದ ಕೈಗಳಿರುತ್ತವೆ. ಇಬ್ಬರು ಅಧಿಕಾರಿಗಳ ಬಳಿ ಒಂದೊಂದು. ಅವುಗಳ ನಕಲು ಕೀಲಿಗಳನ್ನು ಲಕೋಟೆಯಲ್ಲಿಟ್ಟು, ಅಂಟಿಸಿದ ಬಾಯಿಯ ಮೇಲೆ ಸಹಿ ಮಾಡಿ, ಅರಗಿನ ಮುದ್ರೆಯೊತ್ತಿ ಇನ್ನೊಂದು ಶಾಖೆಯಲ್ಲಿ ಠೇವಣಿ ಇಡುವುದು ಪದ್ಧತಿ. ಒಬ್ಬ ಅಧಿಕಾರಿ ಹಠಾತ್ತನೆ ತೀರಿಕೊಂಡರೂ ಮರುದಿನ ಬ್ಯಾಂಕು ತೆರೆಯಬೇಕಲ್ಲ. ಈ ನಕಲು ಕೀಲಿಗಳ ರಿಜಿಸ್ಟರನ್ನು ಪರಿಶೀಲಿಸುವುದೇ ನನ್ನ ಮುಕ್ಕಾಲು ವೃತ್ತಿಜೀವನವಾಗಿತ್ತು. ಆದ್ದರಿಂದ ಕಾರ್ಖಾನೆಗೆ ಇಂಟರ್‌ನೆಟ್ ಖಾತೆ ಬಂದಾಗ ನಾನು ಅದೇ ಕ್ರಮವನ್ನು ತಂದೆ. ಯೂಸರ್ ಐಡಿ ಮತ್ತು ಪಾಸ್‌ವರ್ಡನ್ನು ನನ್ನ ಕೈಯಿಂದಲೇ ಒಂದು ಹಾಳೆಯ ಮೇಲೆ ಬರೆದು, ಬಟ್ಟೆ ಹಚ್ಚಿದ ಲಕೋಟೆಯಲ್ಲಿಟ್ಟು, ಮೂರು ಕಡೆ ಅರಗು ಸುರಿದು, ಅಹಮದಾಬಾದಿನಲ್ಲೇ ಇರುವ ನವರಂಗಪುರದ ಆ ಹಳೆಯ ಬ್ಯಾಂಕಿನ ಶಾಖೆಯಲ್ಲೇ ಠೇವಣಿ ಇಟ್ಟೆ. ಮ್ಯಾನೇಜರರು ನನ್ನನ್ನು ಎದ್ದು ನಿಂತು ಬರಮಾಡಿಕೊಂಡಿದ್ದರು. "ಇಂಥ ಶಿಸ್ತು ಈಗ ಯಾರಲ್ಲಿದೆ ಸರ್," ಎಂದು ರಸೀದಿ ಬರೆದುಕೊಟ್ಟಿದ್ದರು. ಪಾಸ್‌ವರ್ಡ್ ಬದಲಿಸಿದರೆ ಲಕೋಟೆಯನ್ನೂ ಬದಲಿಸಬೇಕಾಗುತ್ತಿತ್ತು. ಅದಕ್ಕೆ ಮತ್ತೆ ನವರಂಗಪುರಕ್ಕೆ ಹೋಗಬೇಕು. ಹೀಗಾಗಿ ಹನ್ನೊಂದು ತಿಂಗಳು ಅದೇ ಪಾಸ್‌ವರ್ಡ್ ನಡೆಯಿತು.

ಹೊಸ ಬ್ಯಾಂಕು ಆರಿಸಲು ಇಪ್ಪತ್ತೊಂದು ಪ್ರಶ್ನೆಗಳ ಒಂದು ಪಟ್ಟಿ ಮಾಡಿದೆ. ಮೂರು ನಗರಗಳಲ್ಲೂ ಶಾಖೆಯಿರುವ ಬ್ಯಾಂಕುಗಳು ಮೂರು ಸಿಕ್ಕವು. ಮೊದಲನೆಯದನ್ನು ಅಹಮದಾಬಾದಿನಲ್ಲಿ, ಎರಡನೆಯದನ್ನು ಸೂರತ್‌ನಲ್ಲಿ, ಮೂರನೆಯದನ್ನು ವಡೋದರಾದಲ್ಲಿ ನೋಡುವುದೆಂದು ನಿಶ್ಚಯಿಸಿದೆ. ಒಂದೊಂದು ಪ್ರಶ್ನೆಗೂ ಐದು ಅಂಕ. ಏಳನೆಯ ಪ್ರಶ್ನೆ ಹೀಗಿತ್ತು: ಗ್ರಾಹಕರ ಪಾಸ್‌ವರ್ಡಿನ ನಕಲನ್ನು ಮುದ್ರೆಯೊತ್ತಿದ ಲಕೋಟೆಯಲ್ಲಿ ಸುರಕ್ಷಿತವಾಗಿಡುವ ವ್ಯವಸ್ಥೆ ನಿಮ್ಮಲ್ಲಿದೆಯೇ? ಈ ಪ್ರಶ್ನೆಗೆ ಮಾತ್ರ ಹತ್ತು ಅಂಕ ಇಟ್ಟಿದ್ದೆ.

ಅಹಮದಾಬಾದಿನ ವಸ್ತ್ರಾಪುರದ ಶಾಖೆಯಲ್ಲಿ ಹವಾನಿಯಂತ್ರಣದ ತಂಪಿಗೆ ನಾನು ಅಂಗಿಯ ತೋಳಿನ ಗುಂಡಿ ಹಾಕಿಕೊಂಡೆ. ಟೈ ಕಟ್ಟಿದ ಯುವಕರೊಬ್ಬರು ಚಹಾ ತರಿಸಿದರು, ನನ್ನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಓದಿದರು. ಮೋಸದಿಂದ ರಕ್ಷಣೆ ಹೇಗೆ ಎಂಬ ಮೊದಲ ಪ್ರಶ್ನೆಗೆ, "ಸರ್, ನಮ್ಮದು ನೂರ ಇಪ್ಪತ್ತೆಂಟು ಬಿಟ್," ಎಂದರು.

"ಹಾಗೆಂದರೇನು?"

"ಎನ್‌ಕ್ರಿಪ್ಶನ್ ಸರ್. ಪ್ರಪಂಚದ ಎಲ್ಲ ಕಂಪ್ಯೂಟರ್ ಸೇರಿಸಿದರೂ ಒಡೆಯೋಕ್ಕೆ ಸಾವಿರಾರು ವರ್ಷ ಬೇಕು."

"ನಮ್ಮದನ್ನು ಯಾರೂ ಒಡೆಯಲಿಲ್ಲ. ಸರಿಯಾದ ಪಾಸ್‌ವರ್ಡ್ ಹಾಕಿಯೇ ಒಳಗೆ ಬಂದರು. ಅದಕ್ಕೆ ಎಷ್ಟು ಬಿಟ್?"

ಅವರು ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳಿದರು. ಏಳನೆಯ ಪ್ರಶ್ನೆಗೆ ಮಾತ್ರ ಉತ್ತರ ತಟ್ಟನೆ ಬಂತು: "ಯಾಕಿಲ್ಲ ಸರ್, ತಮ್ಮಂಥವರಿಗೆ ಇಲ್ಲ ಅನ್ನೋದುಂಟೇ? ನನ್ನ ಡ್ರಾಯರಿನಲ್ಲೇ ಇಡ್ತೀನಿ." ಹತ್ತಕ್ಕೆ ಹತ್ತು ಕೊಟ್ಟೆ.

ಸೂರತ್‌ನ ಅಧಿಕಾರಿ ನನ್ನೊಡನೆ ಮಾತಾಡುತ್ತಲೇ ಮೂರು ಸಲ ಮೊಬೈಲಿನಲ್ಲಿ ಮಾತಾಡಿದರು. ಮೂರನೆಯದು ಮದುವೆಯ ಊಟದ ವಿಷಯ. ನಾನು ಕಾದ ಒಟ್ಟು ಸಮಯ ಹದಿನಾಲ್ಕು ನಿಮಿಷ. ಅವರದೂ ನೂರ ಇಪ್ಪತ್ತೆಂಟು ಬಿಟ್. ಲಕೋಟೆ ಇಡುವುದಕ್ಕೆ ಅಭ್ಯಂತರವಿಲ್ಲ, ಆದರೆ ಲಾಕರಿನ ಬಾಡಿಗೆ ಆಗುತ್ತದೆ ಎಂದರು. ಎಂಟು ಅಂಕ.

ವಡೋದರಾದ ಶಾಖೆಯಲ್ಲಿ ನನ್ನನ್ನು ಕುಳಿತುಕೊಳ್ಳಿ ಎಂದವರಿಲ್ಲ. ಇಂಟರ್‌ನೆಟ್ ವಿಭಾಗದ ಮೇಜಿನ ಹಿಂದೆ ಇಪ್ಪತ್ತೈದು ದಾಟದ ಒಬ್ಬ ಅಧಿಕಾರಿಣಿ ಕುಳಿತಿದ್ದರು. ಅವರು ನನ್ನ ಪಟ್ಟಿಯ ಎರಡು ಪುಟಗಳನ್ನು ಪಕ್ಕಕ್ಕಿಟ್ಟು, "ಕಾಕಾ, ಕೆಲಸ ಏನು ಹೇಳಿ," ಎಂದರು. ಕುರ್ಚಿಯನ್ನು ನಾನೇ ಎಳೆದುಕೊಂಡೆ. ನೀರು ಕೂಡ ಬರಲಿಲ್ಲ. ಏಳನೆಯ ಪ್ರಶ್ನೆಯನ್ನು ಬಾಯಲ್ಲೇ ಕೇಳಿ, ಮಾದರಿಗೆಂದು ತಂದಿದ್ದ ಅರಗಿನ ಮುದ್ರೆಯ ಖಾಲಿ ಲಕೋಟೆಯನ್ನು ಮೇಜಿನ ಮೇಲಿಟ್ಟೆ. ಆಕೆ ಅದನ್ನು ಕೈಯಿಂದ ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ನನ್ನ ಕಡೆಗೆ ತಳ್ಳಿದರು.

"ಇದನ್ನ ವಾಪಸ್ ತಗೊಂಡು ಹೋಗಿ. ಇಲ್ಲಿ ಬಿಟ್ಟು ಹೋದರೆ ಹರಿದು ಹಾಕಬೇಕಾಗುತ್ತೆ."

"ಇದು ಬ್ಯಾಂಕಿನ ಪದ್ಧತಿಯಮ್ಮ. ನೀವು ಹುಟ್ಟುವ ಮೊದಲಿನಿಂದ ಇದೆ."

"ಇರಬಹುದು ಕಾಕಾ. ನನ್ನ ಮೇಜಿನ ಮೇಲೆ ಇಲ್ಲ."

ಹತ್ತಕ್ಕೆ ಸೊನ್ನೆ. ಉಳಿದ ಪ್ರಶ್ನೆಗಳಿಗೆ ಆಕೆ ಕೊಟ್ಟ ಉತ್ತರಗಳೂ ನನಗೆ ಸಮಾಧಾನ ತರಲಿಲ್ಲ. ಯಾಕೆಂದರೆ ಅವುಗಳಲ್ಲಿ ಮೂರಕ್ಕೆ "ಗೊತ್ತಿಲ್ಲ" ಎಂದುಬಿಟ್ಟರು. ಹೊರಗೆ ಬಂದು ಶಾಖೆಯ ಮೆಟ್ಟಿಲ ಮೇಲೆಯೇ ನಿಂತು ಎಲ್ಲವನ್ನೂ ಸಮಯಸಹಿತ ಬರೆದುಕೊಂಡೆ. ಪೆನ್ನಿನ ತುದಿಯ ಸಂಗತಿಯ ಕೆಳಗೆ ಗೆರೆ ಎಳೆದೆ.

ಅಲ್ಲಿಂದ ಆಟೋದಲ್ಲಿ ರೈಲ್ವೆ ಕ್ವಾರ್ಟರ್ಸಿಗೆ ಹೋದೆ. ಅಕೌಂಟೆಂಟರನ್ನು ನೋಡುವ ಕಾರ್ಯಕ್ರಮ ನನ್ನ ಯೋಜನೆಯಲ್ಲಿ ಇರಲಿಲ್ಲ. ಆ ಅಧಿಕಾರಿಣಿಯ ಮೇಲಿನ ಸಿಟ್ಟನ್ನು ಕನ್ನಡದಲ್ಲಿ ಯಾರಿಗಾದರೂ ಹೇಳಬೇಕಾಗಿತ್ತು ಎಂಬುದೂ ಒಂದು ಕಾರಣವಿದ್ದೀತು.

ಬಾಗಿಲು ತೆರೆದವರು ಆಕೆಯೇ. "ಬರ್ರಿ ಸರ್. ಕುಂಡ್ರಿ," ಎಂದರು. ಧ್ವನಿಯಲ್ಲಿ ಬಿರುಸೂ ಇರಲಿಲ್ಲ, ಆದರವೂ ಇರಲಿಲ್ಲ. ಛಾ ಇಟ್ಟು ಎದುರಿನ ಮಂಚದ ಮೇಲೆ ಕುಳಿತರು. "ಓಣ್ಯಾಗ ಎಲ್ಲಾರೂ ಕೇಳ್ತಾರ ಸರ್, ಸೂಟಿ ಏನ್ರಿ ಅಂತ. ಹೂಂ ಸೂಟಿ ಅಂತೀನಿ. ಎಷ್ಟ ದಿನಾ ಸೂಟಿ ಅಂತ ಹೇಳ್ಲಿ? ನಮ್ಮ ಮನಿಯವ್ರು ಒಂದ ಮಾತ ಕೇಳ್ಯಾರ, ನೀ ಯಾರಿಗರೆ ಹೇಳಿದ್ದೇನು ಅಂತ. ಹೊರಗಿನವ್ರು ಕೇಳಿದ್ದಕ್ಕಿಂತ ಅದ ಭಾಳ ಹತ್ತಿತ್ರೀ ನನಗ."

ನಾನು ಬ್ಯಾಂಕುಗಳ ವಿಷಯ ತೆಗೆದೆ. ಮೂರು ಶಾಖೆಗಳ ಕತೆಯನ್ನೂ, ಅಂಕಗಳನ್ನೂ, ಪೆನ್ನಿನ ತುದಿಯನ್ನೂ ಹೇಳಿದೆ. ಆಕೆ ಕೊನೆಯವರೆಗೂ ಕೇಳಿದರು. ಆಮೇಲೆ, "ಆ ಹುಡುಗಿ ಯಾಕ ಒಲ್ಲೆ ಅಂದಳಂತ?" ಎಂದರು.

"ಸಂಸ್ಕಾರವಿಲ್ಲ, ಅದಕ್ಕೆ."

"ಹಂಗಲ್ರೀ. ಲಕೋಟಿ ಯಾಕ ಒಲ್ಲೆ ಅಂದಳು?" ಆಕೆ ಲೋಟವನ್ನು ಕೆಳಗಿಟ್ಟರು. "ಸರ್, ಒಂದ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಪಾಸ್‌ವರ್ಡ್ ಎಷ್ಟ ಮಂದಿಗೆ ಗೊತ್ತಿತ್ತು?"

"ಇಬ್ಬರಿಗೆ. ನನಗೆ, ನಿಮಗೆ."

"ಮತ್ತ ಲಕೋಟಿ?"

"ಲಕೋಟೆ ಮನುಷ್ಯನಲ್ಲವಲ್ಲ. ಅದು ಮುದ್ರೆಯೊಳಗಿದೆ. ರಸೀದಿಯಿದೆ."

"ರಸೀದಿ ನಿಮ್ಮ ಕಡೆ ಅದ. ಲಕೋಟಿ ಅವರ ಕಡೆ ಅದ," ಎಂದರು ಆಕೆ. "ನೀವು ಹಳೇ ಬ್ಯಾಂಕಿಗೆ ಹೋಗಿ ಅದನ್ನ ನೋಡೀರೇನು?"

ನೋಡಿರಲಿಲ್ಲ. ವರ್ಷಗಟ್ಟಲೆ ಇತರರ ನಕಲು ಕೀಲಿಗಳನ್ನು ಪರಿಶೀಲಿಸಿದವನು, ಹಣ ಹೋಗಿ ವಾರಗಳೇ ಕಳೆದರೂ ನನ್ನದನ್ನು ನೋಡಿರಲಿಲ್ಲ. ಆ ಪ್ರಶ್ನೆ ನನಗೆ ಅಪಮಾನವೆನಿಸಿತು. ಛಾ ಮುಗಿಸದೆ ಎದ್ದು ಬಂದೆ.

ಮರುದಿನ ನವರಂಗಪುರದ ಶಾಖೆಗೆ ಹೋಗಿ ರಸೀದಿ ಕೊಟ್ಟು ಲಕೋಟೆ ಕೇಳಿದೆ. ಮ್ಯಾನೇಜರರು ಎಂದಿನಂತೆ ಎದ್ದು ನಿಂತರು. ನಮ್ಮ ನಷ್ಟಕ್ಕೆ ವಿಷಾದ ಸೂಚಿಸಿದರು. ಲಕೋಟೆ ಸಿಗಲಿಲ್ಲ, ನಾಳೆ ಬನ್ನಿ ಎಂದರು. ನಾಳೆಯೂ ಸಿಗಲಿಲ್ಲ. ಮೂರನೆಯ ದಿನ ಒಂದು ಲಕೋಟೆಯನ್ನು ನನ್ನ ಕೈಗಿತ್ತರು. ಅದು ಬ್ಯಾಂಕಿನ ಹೆಸರು ಅಚ್ಚಾದ ಸಾಮಾನ್ಯ ಕಂದು ಲಕೋಟೆ. ಬಾಯಿಗೆ ಒಂದು ಸ್ಟೇಪ್ಲರ್ ಪಿನ್ನು ಹೊಡೆದಿತ್ತು. ಮೇಲೆ ಕಾರ್ಖಾನೆಯ ಹೆಸರು ಯಾರದೋ ಅಕ್ಷರದಲ್ಲಿತ್ತು.

"ಇದು ನನ್ನದಲ್ಲ," ಎಂದೆ.

"ತಮ್ಮದೇ ಸರ್. ಮಳೆಗಾಲದಲ್ಲಿ ಕಪಾಟು ಸ್ಥಳಾಂತರಿಸಿದೆವು. ಹಳೆಯ ಲಕೋಟೆ ಹರಿದಿತ್ತಂತೆ, ನಮ್ಮ ಸ್ಟಾಫು ಹೊಸದಕ್ಕೆ ಹಾಕಿಟ್ಟಿದ್ದಾರೆ. ಒಳಗಿನ ಹಾಳೆ ಹಾಗೇ ಇದೆ, ನೋಡಿ, ತಮ್ಮದೇ ಅಕ್ಷರ."

ಒಳಗಿನ ಹಾಳೆ ಹಾಗೇ ಇತ್ತು. ನನ್ನದೇ ಅಕ್ಷರ, ಓದಲು ಯಾರಿಗೂ ಕಷ್ಟವಾಗದಂತೆ ಬಿಡಿಸಿ ಬರೆದ ದೊಡ್ಡ ಅಕ್ಷರಗಳು.

"ಯಾರು ಹಾಕಿಟ್ಟರು? ಯಾವ ದಿನ? ರಿಜಿಸ್ಟರಿನಲ್ಲಿ ದಾಖಲಾಗಿದೆಯೇ?"

"ಅದೆಲ್ಲ ವಿಚಾರಿಸಬೇಕು ಸರ್. ಆ ಸಮಯದಲ್ಲಿದ್ದ ಇಬ್ಬರು ವರ್ಗವಾಗಿ ಹೋದರು. ಚಾ ಪೀಶೋ ನೇ?" ಎಂದು ಅವರು ಗಂಟೆ ಒತ್ತಿದರು.

ಚಹಾ ಬೇಡವೆಂದೆ. ಹೊರಗೆ ಬಂದು ಆಟೋಗಳ ಗದ್ದಲದ ನಡುವೆ ಆ ಸ್ಟೇಪ್ಲರ್ ಪಿನ್ನನ್ನು ನೋಡಿದೆ. ಹಾಳೆಯನ್ನು ಓದಿದವರೇ ಹಣ ತೆಗೆದರೆಂದು ಹೇಳಲು ಆಧಾರವಿಲ್ಲ. ಓದಲಿಲ್ಲವೆಂದು ಹೇಳಲೂ ಆಧಾರವಿಲ್ಲ. ಪಾಸ್‌ವರ್ಡ್ ಎಷ್ಟು ಜನರಿಗೆ ಗೊತ್ತಿತ್ತು ಎಂಬುದಕ್ಕೆ ಆ ಕ್ಷಣದಿಂದ ನನ್ನಲ್ಲಿ ಸಂಖ್ಯೆಯೇ ಉಳಿಯಲಿಲ್ಲ. ಇಬ್ಬರೇ ಎಂಬ ಶೇಠರ ಲೆಕ್ಕ ಮಾತ್ರ ಮುರಿದುಬಿದ್ದಿತ್ತು. ಅದನ್ನು ಮುರಿದ ಲಕೋಟೆ ಅಲ್ಲಿಗೆ ಹೋದದ್ದು ನನ್ನ ಕೈಯಿಂದಲೇ.

ಕಚೇರಿಗೆ ಹಿಂದಿರುಗಿ ಅಂಕಗಳನ್ನು ಕೂಡಿದೆ. ವಸ್ತ್ರಾಪುರದ ಬ್ಯಾಂಕಿಗೆ ನೂರಹತ್ತಕ್ಕೆ ಎಂಬತ್ತೊಂಬತ್ತು. ಸೂರತ್‌ನದಕ್ಕೆ ಎಪ್ಪತ್ತನಾಲ್ಕು. ವಡೋದರಾದ್ದಕ್ಕೆ ಐವತ್ತೊಂದು. ಅಂಕಗಳು ಹೇಳುವ ಬ್ಯಾಂಕಿಗೆ ಹೋದರೆ ನನ್ನ ಮುಂದಿನ ಲಕೋಟೆ ಒಬ್ಬ ಸಭ್ಯ ಯುವಕನ ಡ್ರಾಯರಿನಲ್ಲಿರುತ್ತದೆ. ಮೂರೂ ಬ್ಯಾಂಕುಗಳ ಅರ್ಜಿಯ ಹಿಂಬದಿಯ ಸಣ್ಣಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದೆ. ಪಾಸ್‌ವರ್ಡ್ ಸೋರಿದರೆ, ಗ್ರಾಹಕನು ತಿಳಿಸುವವರೆಗಿನ ನಷ್ಟ ಗ್ರಾಹಕನದೇ ಎಂದು ಮೂರರಲ್ಲೂ ಒಂದೇ ಷರತ್ತಿತ್ತು. ಹಾಗಾದರೆ ರಕ್ಷಣೆ ಎಂದು ಇವರೆಲ್ಲ ಹೇಳುತ್ತಿರುವುದು ಯಾವುದನ್ನು? ನನ್ನ ಇಪ್ಪತ್ತೊಂದು ಪ್ರಶ್ನೆಗಳಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

ಮೂರನೆಯ ವಾರ ಮತ್ತೆ ವಡೋದರಾಕ್ಕೆ ಹೋದೆ. ಆ ಅಧಿಕಾರಿಣಿ ಈ ಸಲವೂ ಏಳಲಿಲ್ಲ. ಕುರ್ಚಿಯನ್ನು ಈ ಸಲವೂ ನಾನೇ ಎಳೆದುಕೊಂಡೆ.

"ಲಕೋಟೆ ಕಾಕಾ!" ಎಂದು ಗುರುತು ಹಿಡಿದರು. "ಮತ್ತೆ ತಂದಿದ್ದೀರಾ?"

"ತಂದಿಲ್ಲ. ಅಂದು ಯಾಕೆ ಬೇಡವೆಂದಿರಿ, ಅದನ್ನು ಹೇಳಿ."

ಆಕೆ ಕಂಪ್ಯೂಟರಿನಿಂದ ಕಣ್ಣು ತೆಗೆದರು. "ನೀವು ಇಟ್ಟು ಹೋಗ್ತೀರಿ. ನಾಳೆ ನಿಮ್ಮ ಹಣ ಹೋಗುತ್ತೆ. ಆಗ ಈ ಮೇಜಿನ ಮೇಲಿದ್ದವರ ಮೇಲೆ ನಿಮಗೆ ಅನುಮಾನ ಬರುತ್ತಾ ಇಲ್ವಾ?"

"ಬರುತ್ತದೆ."

"ನನಗೆ ಮನೆಯಲ್ಲಿ ಅಪ್ಪನ ಔಷಧಿ ನಡೀಬೇಕು ಕಾಕಾ, ಈ ಕೆಲಸ ಬೇಕು. ನಿಮ್ಮ ಪಾಸ್‌ವರ್ಡ್ ನನಗೆ ಗೊತ್ತಿಲ್ಲ ಅನ್ನೋದೇ ನನ್ನ ರಕ್ಷಣೆ. ಅದೇ ನಿಮ್ಮದೂ."

ಹತ್ತರಿಂದ ಹನ್ನೊಂದರವರೆಗೆ ಆಕೆ ಹೇಳಿದ್ದನ್ನು ಬರೆದುಕೊಂಡೆ. ಕಂಪನಿಗಳಿಗೆ ಅವರಲ್ಲಿ ಇಬ್ಬರು ಬಳಕೆದಾರರು ಕಡ್ಡಾಯ. ಒಬ್ಬರು ಪಾವತಿಯನ್ನು ಸಿದ್ಧಪಡಿಸುವುದು, ಇನ್ನೊಬ್ಬರು ತಮ್ಮದೇ ಬೇರೆ ಪಾಸ್‌ವರ್ಡಿನಿಂದ ಒಪ್ಪಿಗೆ ಕೊಡುವುದು. ಇಬ್ಬರೂ ಒಂದೇ ಊರಿನಲ್ಲಿರಬೇಕಾಗಿಲ್ಲ. ಹೊಸಬರ ಹೆಸರು ಸೇರಿಸಿದರೆ ಒಂದು ದಿನ ಕಾಯಬೇಕು, ಅಷ್ಟರಲ್ಲಿ ಇಬ್ಬರ ಮೊಬೈಲುಗಳಿಗೂ ಸಂದೇಶ ಬರುತ್ತದೆ. ಕೊನೆಯ ಸಲ ಯಾವಾಗ ಖಾತೆ ತೆರೆಯಿತೆಂದು ಪರದೆಯ ಮೇಲೆ ಕಾಣಿಸುತ್ತದೆ. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸದಿದ್ದರೆ ಖಾತೆಯೇ ಮುಚ್ಚಿಕೊಳ್ಳುತ್ತದೆ. ಅನುಮಾನ ಬಂದು ಫೋನು ಮಾಡಿದರೆ ಮೊದಲು ತಡೆಹಿಡಿಯುತ್ತಾರೆ, ವಿಚಾರಣೆ ಆಮೇಲೆ.

"ಇಬ್ಬರಲ್ಲಿ ಒಬ್ಬರು ಹಠಾತ್ತನೆ ತೀರಿಕೊಂಡರೆ?" ಎಂದು ಕೇಳಿದೆ.

"ಕಂಪನಿ ಪತ್ರ ಕೊಡಲಿ, ಮೂರನೆಯವರಿಗೆ ಹೊಸ ಪಾಸ್‌ವರ್ಡ್ ಕೊಡ್ತೀವಿ. ಹೋದವರ ಪಾಸ್‌ವರ್ಡ್ ಅವರ ಜೊತೆಗೇ ಹೋಗಲಿ."

ಕೀಲಿಯನ್ನು ಕಾಪಾಡುವುದೊಂದೇ ನನಗೆ ಗೊತ್ತಿದ್ದ ವಿದ್ಯೆ. ಬೇಕೆಂದಾಗ ಹೊಸ ಕೀಲಿಯನ್ನೇ ಮಾಡಿಕೊಡಬಹುದಾದ ಕಡೆ ಹಳೆಯದರ ನಕಲು ಯಾರಿಗೆ ಬೇಕು ಎಂಬುದು ಆ ಹುಡುಗಿಗೆ ಇಷ್ಟು ಸಹಜವಾಗಿತ್ತು. ನನಗೆ ಒಪ್ಪಿಕೊಳ್ಳಲು ಕಷ್ಟವಾಯಿತು. ಪೂರ್ತಿ ಒಪ್ಪಿದ್ದೇನೆಂದು ಈಗಲೂ ಹೇಳಲಾರೆ.

"ನಿಮ್ಮ ಬ್ಯಾಂಕಿನಲ್ಲಿ ಮೋಸವಾಗುವುದಿಲ್ಲ ಎನ್ನುತ್ತೀರಾ?" ಎಂದು ಕೊನೆಯದಾಗಿ ಕೇಳಿದೆ.

"ಹಾಗೆ ಅನ್ನೋರ ಹತ್ತಿರ ಖಾತೆ ತೆರೀಬೇಡಿ ಕಾಕಾ," ಎಂದು ಆಕೆ ಮುಂದಿನ ಗ್ರಾಹಕರನ್ನು ಕರೆದರು.

ವರದಿಯನ್ನು ಆ ಸಂಜೆ ರೈಲಿನಲ್ಲೇ ಬರೆಯತೊಡಗಿದೆ. ಐವತ್ತೊಂದು ಅಂಕದ ವಡೋದರಾದ ಬ್ಯಾಂಕೇ ಆಗಲೆಂದು ಬರೆದೆ; ಬ್ಯಾಂಕಿನ ಆಯ್ಕೆಯ ಭಾಗ ಒಂದು ಪುಟದಲ್ಲಿ ಮುಗಿಯಿತು. ಎರಡನೆಯ ಪುಟಕ್ಕೆ ಆಣಂದ್ ದಾಟಿದರೂ ಪೆನ್ನು ಏಳಲಿಲ್ಲ. ಆ ಪುಟವನ್ನು ಬರೆಯದೆಯೂ ನನ್ನ ಕೆಲಸ ಪೂರ್ಣವಾಗುತ್ತಿತ್ತು. ಹೊಸ ಬ್ಯಾಂಕು, ಹೊಸ ಅಕೌಂಟೆಂಟ್. ಲಕೋಟೆಯ ವಿಷಯ ಶೇಠರಿಗೆ ಗೊತ್ತೇ ಇರಲಿಲ್ಲ. ಇತರರ ಲೋಪಗಳನ್ನು ಕೆಂಪು ಶಾಯಿಯಲ್ಲಿ ಬರೆದು ಎಷ್ಟೋ ಜನರ ಬಡ್ತಿ ನಿಲ್ಲಿಸಿದವನು ನಾನು. ಅವರಲ್ಲಿ ಹಲವರು ನನ್ನೆದುರು ಕೈಮುಗಿದದ್ದೂ ಉಂಟು. ನಿಯಮ ನಿಯಮವೇ ಎಂದು ಹೇಳಿದ್ದೆ. ನಡಿಯಾದ್ ನಿಲ್ದಾಣದಲ್ಲಿ ಗಾಡಿ ನಿಂತಿದ್ದಾಗ ಮೊದಲ ವಾಕ್ಯ ಬರೆದೆ: "ಪಾಸ್‌ವರ್ಡ್ ಸೋರಿಕೆಗೆ ಅವಕಾಶವಿದ್ದ ಮೂರನೆಯ ಸ್ಥಳವನ್ನು ಸೃಷ್ಟಿಸಿದವನು ಈ ವರದಿಯ ಲೇಖಕ."

ಶೇಠರು ವರದಿಯನ್ನು ನನ್ನಿಂದಲೇ ಓದಿಸಿದರು. ಎರಡನೆಯ ಪುಟಕ್ಕೆ ಬಂದಾಗ ಕೈಯೆತ್ತಿ ತಡೆದರು.

"ಸಾಹೇಬ್, ಏಕ್ ವಾತ್ ಕಹೋ. ನಮ್ಮ ಮನೆಯ ಬೀಗದ ಕೈಯನ್ನ ನೀವೇ ಪಕ್ಕದ ಮನೆಯವರಿಗೆ ಕೊಟ್ಟು ರಸೀದಿ ತಗೊಂಡಿದ್ದೀರಿ. ಸರಿಯಾ?"

"ಸರಿ."

"ಮತ್ತೆ ನಾನು ಬೆಹನ್‌ಗೆ ಮನೆಯಲ್ಲಿ ಕೂರಿಸಿದಾಗ ನೀವು ಸುಮ್ಮನಿದ್ದಿರಿ."

"ಇದ್ದೆ. ಲಕೋಟೆ ಸುರಕ್ಷಿತವಾಗಿದೆ ಎಂದೇ ನಂಬಿದ್ದೆ. ಹೋಗಿ ನೋಡಲಿಲ್ಲ. ನೋಡಿ ಎಂದು ಹೇಳಿದವರು ಅವರೇ."

ಶೇಠರು ಸ್ಟೇಪ್ಲರ್ ಪಿನ್ನಿನ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ನಿಮ್ಮ ಜಾಗದಲ್ಲಿ ಬೇರೆ ಯಾರೇ ಇದ್ದಿದ್ರೂ ಇವತ್ತೇ ಮನೆಗೆ ಕಳಿಸ್ತಿದ್ದೆ," ಎಂದರು.

"ಕಳುಹಿಸಬಹುದು. ಆದರೆ ಮೊದಲು ಅವರನ್ನು ಕರೆಸಿ. ಪತ್ರದ ಮೂಲಕ ಕರೆಸಬೇಕು, ಫೋನಿನಲ್ಲಿ ಬೇಡ. ಅವರ ಮೇಲೆ ಅನುಮಾನವಿಲ್ಲವೆಂದು ಅದರಲ್ಲಿರಬೇಕು. ಮನೆಯಲ್ಲಿ ಕುಳಿತ ದಿನಗಳ ಸಂಬಳವನ್ನು ತಡೆಹಿಡಿಯಬಾರದು."

ಶೇಠರಿಗೆ ನಗು ಬಂತು. "ತಪ್ಪು ಒಪ್ಪಿಕೊಳ್ಳೋಕೆ ಬಂದವರು ಷರತ್ತೂ ಹಾಕ್ತೀರಾ?" ಎಂದರು. ಆದರೂ ಪತ್ರಕ್ಕೆ ಅಂದೇ ಸಹಿ ಮಾಡಿದರು. ನನ್ನನ್ನು ಮನೆಗೆ ಕಳುಹಿಸಲಿಲ್ಲ. ಹಳೆಯ ಬ್ಯಾಂಕಿಗೆ ಲಕೋಟೆಯ ವಿಷಯವಾಗಿ ಆರು ಪತ್ರ ಬರೆದೆ. ವಿಚಾರಣೆ ನಡೆಯುತ್ತಿದೆ ಎಂಬ ಉತ್ತರ ಎರಡು ಸಲ ಬಂತು. ಹಣ ಬರಲಿಲ್ಲ, ಯಾರು ತೆಗೆದರೆಂಬುದೂ ಗೊತ್ತಾಗಲಿಲ್ಲ.

ತಿಂಗಳ ಕೊನೆಯಲ್ಲಿ ಹೊಸ ಬ್ಯಾಂಕಿನಿಂದ ಎರಡು ಪಾಸ್‌ವರ್ಡ್ ಲಕೋಟೆಗಳು ಕೊರಿಯರಿನಲ್ಲಿ ಬೇರೆಬೇರೆಯಾಗಿ ಬಂದವು: ಒಂದು ನರೋಡಾಕ್ಕೆ ನನ್ನ ಹೆಸರಿಗೆ, ಒಂದು ವಡೋದರಾಕ್ಕೆ ಆಕೆಯ ಹೆಸರಿಗೆ. ಮೊದಲ ದಿನದ ಕೆಲಸ ಸರಿಯಾಗಿ ನಡೆಯುವುದನ್ನು ನೋಡಲು ನಾನು ವಡೋದರಾ ಡಿಪೋಕ್ಕೆ ಹೋದೆ. ಆಕೆ ಆಗಲೇ ಬಂದು ಕುಳಿತಿದ್ದರು. ತಾವಿಲ್ಲದ ದಿನಗಳ ವೋಚರುಗಳನ್ನು ತಾರೀಕಿನ ಪ್ರಕಾರ ಜೋಡಿಸಿದ್ದರು. ಶೇಠರ ಪತ್ರವನ್ನೂ ಅವುಗಳ ಜೊತೆಗೇ ಫೈಲಿಗೆ ಹಾಕಿದ್ದರು. ನಾನು ಹೇಳಬೇಕೆಂದು ರೈಲಿನಲ್ಲಿ ಸಿದ್ಧಪಡಿಸಿಕೊಂಡು ಬಂದಿದ್ದ ವಾಕ್ಯವನ್ನು ಆರಂಭಿಸಿದೆ. ಆಕೆ "ಇರ್ಲಿ ಬಿಡ್ರಿ ಸರ್, ಲೈನ್ ಸಿಕ್ಕೈತಿ, ಕಟ್ ಆದೀತು," ಎಂದು ಮಾಡೆಮ್ಮಿನ ಕಡೆ ತಿರುಗಿದರು.

ಬ್ಯಾಂಕಿನ ಪುಟ ನಿಧಾನವಾಗಿ ತೆರೆಯಿತು. ಬಂದಿರುವ ಪಾಸ್‌ವರ್ಡನ್ನು ಬದಲಿಸಿ ಹೊಸದನ್ನು ಕೊಡಿ ಎಂದು ಪರದೆ ಕೇಳಿತು. ನಾನು ಕನ್ನಡಕ ಸರಿಪಡಿಸಿಕೊಂಡು ಆಕೆಯ ಹೆಗಲ ಹಿಂದೆ ಬಾಗಿ ನಿಂತಿದ್ದೆ. ಆಕೆಯ ಬೆರಳುಗಳು ಕೀಬೋರ್ಡಿನ ಮೇಲೆ ನಿಂತುಬಿಟ್ಟವು.

"ಸರ್."

"ಏನು?"

"ಸ್ವಲ್ಪ ಆ ಕಡೆ ಮಾರಿ ಮಾಡ್ರಿ."

ಡಿಪೋದ ಇಬ್ಬರು ಹಮಾಲರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಗೋಡೆಯ ಕಡೆಗೆ ತಿರುಗಿ ನಿಂತೆ. ಹಿಂದಿನಿಂದ ಕೀಲಿಗಳ ಸದ್ದು ಬಂತು. ಎಷ್ಟು ಅಕ್ಷರಗಳೆಂದು ಎಣಿಸಬಾರದೆಂದು ನಾನು ಗೋಡೆಯ ಮೇಲಿದ್ದ ಲಾರಿ ಬಾಡಿಗೆಯ ದರಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ, ಗಟ್ಟಿಯಾಗಿ ಓದತೊಡಗಿದೆ.